ಓದಿನ ನೆರವಿಗೆ ಹಣ ಕೇಳುವ ಮೊದಲು ನಿಮಿಷಗಳ ಲೆಕ್ಕ

ಸರ್ಕಾರಿ ಪ್ರಾಥಮಿಕ ಶಾಲೆಯ ಗೋಡೆಗೆ ಬಣ್ಣ ಬೇಕು ಅಂದರೆ ದಾನಿ ಸಿಗುತ್ತಾರೆ. ಬೆಂಚು, ನೀರಿನ ಫಿಲ್ಟರ್, ಸ್ಮಾರ್ಟ್ ಬೋರ್ಡ್ ಅಂದರೂ ಸಿಗುತ್ತಾರೆ. ಓದು ಹತ್ತದ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ದಿನಾ ಅರ್ಧ ಗಂಟೆ ಓದಿಸಲು ಒಬ್ಬರು ಬೇಕು, ಅವರಿಗೆ ತಿಂಗಳ ಗೌರವಧನ ಬೇಕು ಅಂದ ತಕ್ಷಣ ಮಾತು ನಿಂತುಬಿಡುತ್ತದೆ. ಕಷ್ಟವೆಂದರೆ, ಮಗು ಓದು ಕಲಿಯುವುದು ಆ ಅರ್ಧ ಗಂಟೆಯಲ್ಲೇ. ಉಳಿದದ್ದೆಲ್ಲ ಅದಕ್ಕೆ ಒತ್ತಾಸೆ. ಒಂದರಿಂದ ಮೂರನೇ ತರಗತಿಯ ಕನ್ನಡ ಓದಿನ ನೆರವಿಗೆ ಹಣ ಹೊಂದಿಸುವ ಕೆಲಸದಲ್ಲಿ ನಾವು ಹಾಕಿಕೊಂಡಿರುವ ಕ್ರಮವನ್ನೂ, ಅದು ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಹಣದ ಮಾತಿಗೆ ಮುಂಚೆ ಬೇಸ್‌ಲೈನ್, ಅಂದರೆ ಮಕ್ಕಳ ಓದು ಈಗ ಎಲ್ಲಿದೆ ಎಂದು ನೋಡುವ ಮೊದಲ ಟೆಸ್ಟ್. ಎಷ್ಟು ಮಕ್ಕಳಿಗೆ, ಯಾವ ಬಗೆಯ ನೆರವು ಎಂಬುದು ಗೊತ್ತಿಲ್ಲದೆ ಬರೆದ ಬಜೆಟ್ ಬರೀ ಊಹೆ. ಶಾಲೆ ತೆರೆದ ಮೊದಲ ವಾರಗಳಲ್ಲಿ ಸೇತುಬಂಧ, ಅಂದರೆ ಹಿಂದಿನ ತರಗತಿಯ ಕಲಿಕೆಯನ್ನು ನೆನಪಿಸುವ ಪಾಠ, ನಡೆಯುತ್ತಿರುತ್ತದೆ. ಬೇಸಿಗೆ ರಜೆಯಲ್ಲಿ ಮರೆತದ್ದು ಅಷ್ಟರಲ್ಲಿ ಸಾಕಷ್ಟು ಮರುಕಳಿಸುತ್ತದೆ. ಅದು ಮುಗಿಯುವ ಮೊದಲೇ ಟೆಸ್ಟ್ ಮಾಡಿದರೆ ನೆರವು ಬೇಡದ ಮಕ್ಕಳೂ ಪಟ್ಟಿ ಸೇರುತ್ತಾರೆ. ಆದ್ದರಿಂದ ಸೇತುಬಂಧ ಮುಗಿದ ವಾರವೇ ನಮಗೆ ಸರಿಯಾದ ವಾರ. ಒಂದು ಮಗುವಿಗೆ ಆರೇಳು ನಿಮಿಷ ಸಾಕು. ಅಡ್ಡಾದಿಡ್ಡಿ ಕ್ರಮದಲ್ಲಿ ಬರೆದ 20 ಮೂಲಾಕ್ಷರ, ಕಾಗುಣಿತದ 10 ಅಕ್ಷರ, ಒತ್ತಕ್ಷರವಿರುವ 5 ಪದ, ನಾಲ್ಕು ಸಾಲಿನ ಒಂದು ಗದ್ಯ, ಅದರ ಮೇಲೆ ಎರಡು ಪ್ರಶ್ನೆ. ಅಡ್ಡಾದಿಡ್ಡಿ ಎಂಬುದು ಮುಖ್ಯ. ‘ಅ ಆ ಇ ಈ’ ಸರದಿಯಲ್ಲಿ ಕೇಳಿದರೆ ಮಗು ಹಾಡಿನಂತೆ ಒಪ್ಪಿಸುತ್ತದೆ, ಕಣ್ಣು ಅಕ್ಷರದ ಮೇಲೆ ಇರುವುದೇ ಇಲ್ಲ. ಟೆಸ್ಟ್ ಮಾಡುವವರು ಆ ತರಗತಿಯ ಟೀಚರ್ ಆಗಿರಬಾರದು. ತಮ್ಮದೇ ಮಕ್ಕಳು ತಡವರಿಸುವಾಗ ಯಾವ ಟೀಚರ್‌ಗಾದರೂ ತುಟಿ ಅಲ್ಲಾಡಿಯೇ ಅಲ್ಲಾಡುತ್ತದೆ, ಮಗು ಆ ತುಟಿಯನ್ನು ಓದುತ್ತದೆ.

ಈ ಟೆಸ್ಟಿನ ಜೊತೆಗೇ ಇನ್ನೊಂದು ಚಿಕ್ಕ ತಪಾಸಣೆ ಇದೆ. ಒಂದು ಚಿತ್ರ ತೋರಿಸಿ ‘ಇದರಲ್ಲಿ ಏನೇನು ಆಗ್ತಾ ಇದೆ, ಹೇಳು ಪುಟ್ಟಾ’ ಎಂದು ಮಾತಾಡಿಸುವುದು. ಮನೆಯಲ್ಲಿ ಉರ್ದು, ತೆಲುಗು, ತುಳು, ಲಂಬಾಣಿ ಆಡುವ ಮಗು ಅಕ್ಷರ ಗುರುತಿಸಿಯೂ ಗದ್ಯದ ಅರ್ಥ ಹೇಳದಿರಬಹುದು. ಅದಕ್ಕೆ ಬೇಕಾದದ್ದು ಮಾತು, ಕಥೆ, ಪದಗಳು. ಕನ್ನಡ ಸಲೀಸಾಗಿ ಆಡುತ್ತಾ ‘ಮ’ಕ್ಕೂ ‘ವ’ಕ್ಕೂ ವ್ಯತ್ಯಾಸ ಕಾಣದ ಮಗುವಿನ ಸಂಗತಿಯೇ ಬೇರೆ. ಇಬ್ಬರನ್ನೂ ಒಂದೇ ಗುಂಪಿನಲ್ಲಿ ಕೂರಿಸಿದರೆ ಅರ್ಧ ಹಣ ನೀರಿಗೆ ಹೋಯಿತೆಂದೇ ಲೆಕ್ಕ. ಕಣ್ಣು, ಕಿವಿಯ ಅನುಮಾನವಿದ್ದರೆ ನೆರವಿನ ಗುಂಪಿಗೆ ಸೇರಿಸುವ ಮುಂಚೆಯೇ ಅದನ್ನು ಬಗೆಹರಿಸಿಕೊಳ್ಳಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರುತ್ತದೆ. ಆ ದಿನ ಈ ಮಕ್ಕಳ ಹೆಸರು ಮೊದಲು ಕೂಗುವಂತೆ ಮುಖ್ಯ ಶಿಕ್ಷಕರಿಗೆ ಪಟ್ಟಿ ಕೊಟ್ಟಿಟ್ಟರೆ ಒಂದು ಪೈಸೆ ಖರ್ಚಿಲ್ಲದೆ ಕೆಲಸವಾಗುತ್ತದೆ.

ಹಣ ಕೊಡುವವರು ಕೇಳುವ ಮೊದಲ ಪ್ರಶ್ನೆ, ‘ಇಷ್ಟು ಚಿಕ್ಕ ವಯಸ್ಸಿಗೇ ಯಾಕೆ? ದೊಡ್ಡವರಾದಂತೆ ತಾನಾಗಿ ಬರುವುದಿಲ್ಲವೇ?’ ಇದಕ್ಕೆ ನಾವು ಕೊಡುವ ಉತ್ತರ ಎರಡು. ಒಂದು, ಹೊರಗಿನ ಅಧ್ಯಯನದ್ದು. 1988ರಲ್ಲಿ ಕಾನಿ ಜ್ಯೂಲ್ ಎಂಬ ಸಂಶೋಧಕಿ ಅಮೆರಿಕದ ಒಂದು ಶಾಲೆಯ 54 ಮಕ್ಕಳನ್ನು ಒಂದನೇ ತರಗತಿಯಿಂದ ನಾಲ್ಕರವರೆಗೆ ಹಿಂಬಾಲಿಸಿ ಪ್ರಕಟಿಸಿದ ಲೆಕ್ಕದಲ್ಲಿ, ಒಂದನೇ ತರಗತಿಯ ಕೊನೆಗೆ ಓದಿನಲ್ಲಿ ಹಿಂದುಳಿದ ಮಗು ನಾಲ್ಕನೇ ತರಗತಿಯ ಕೊನೆಗೂ ಹಿಂದುಳಿದೇ ಇರುವ ಸಂಭವ 0.88. ಎರಡನೆಯದು ನಮ್ಮ ಲಿಪಿಯದ್ದು. ಇಂಗ್ಲಿಷಿಗೆ 26 ಅಕ್ಷರ, ಕನ್ನಡಕ್ಕೆ 49 ಎಂದು ಹೇಳಿ ಮುಗಿಸುವ ಹಾಗಿಲ್ಲ. 34 ವ್ಯಂಜನಗಳಿಗೆ ತಲಾ 15ರಂತೆ ಕಾಗುಣಿತ ಹಿಡಿದರೆ 510 ರೂಪ. ಅದರ ಮೇಲೆ ಒತ್ತಕ್ಷರ. ಪಠ್ಯಪುಸ್ತಕ ಮಾತ್ರ ಮುಂದಕ್ಕೆ ಓಡುತ್ತಲೇ ಇರುತ್ತದೆ. ಮೂರನೇ ತರಗತಿ ದಾಟಿದ ಮೇಲೆ ಪರಿಸರ ಅಧ್ಯಯನವಾಗಲಿ, ಗಣಿತದ ಮಾತಿನ ಲೆಕ್ಕವಾಗಲಿ, ಎಲ್ಲವೂ ಓದಿಯೇ ಕಲಿಯಬೇಕಾದವು. ಓದು ಕಲಿಸುವ ಪಿರಿಯಡ್ಡು ಅಲ್ಲಿಗೆ ಮುಗಿದಿರುತ್ತದೆ. ಮಕ್ಕಳ ಬುನಾದಿ ಓದು, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ 2021ರ ಜುಲೈ 5ರಂದು ಶುರು ಮಾಡಿದ ನಿಪುಣ್ ಭಾರತ್ ಕಾರ್ಯಕ್ರಮವೂ ಗುರಿಯನ್ನು ಮೂರನೇ ತರಗತಿಯ ಕೊನೆಗೇ ಇಟ್ಟಿದೆ.

ಲಿಪಿಯ ಈ ಮಾತನ್ನು ದಾನಿಗಳ ಮುಂದೆ ಬಾಯಲ್ಲಿ ಹೇಳುವುದಕ್ಕಿಂತ ಒಂದು ಪದ ಬರೆದು ತೋರಿಸುವುದೇ ಲೇಸು. ‘ಕತ್ತೆ’ ಎಂದು ದೊಡ್ಡದಾಗಿ ಬರೆಯಿರಿ. ಎತ್ವ ಕೂತಿರುವುದು ಮೇಲಿನ ‘ತ’ದ ತಲೆಯ ಮೇಲೆ, ಅದರ ಸದ್ದು ಬರುವುದು ಕೆಳಗಿನ ಒತ್ತು ಮುಗಿದ ಮೇಲೆ. ಕಾಗುಣಿತ ಚೆನ್ನಾಗಿ ಕಲಿತ ಮಗು, ಕಲಿತದ್ದನ್ನೇ ನಂಬಿ, ‘ಕತೆತ’ ಎಂದು ಓದುತ್ತದೆ. ಅದು ದಡ್ಡತನ ಅಲ್ಲ, ಆ ಮಗು ನಿಯಮದ ಪ್ರಕಾರವೇ ಓದಿದೆ. ‘ಸೂರ್ಯ’ ಇನ್ನೂ ಒಂದು ಹೆಜ್ಜೆ ಮುಂದೆ. ಅರ್ಕಾವತ್ತಿನ ಗುರುತು ‘ಯ’ದ ಆಚೆಗಿದೆ, ಸದ್ದು ‘ಯ’ಕ್ಕಿಂತ ಮುಂಚೆ. ಮಗು ‘ಸೂಯ’ ಎಂದು ನಿಂತು, ಉಳಿದ ಆ ಗುರುತನ್ನು ಏನು ಮಾಡಬೇಕೆಂದು ತಿಳಿಯದೆ ಮೇಲೆ ನೋಡುತ್ತದೆ. ಆ ಕ್ಷಣಕ್ಕೆ ಪಕ್ಕದಲ್ಲಿ ಒಬ್ಬರು ಇದ್ದು ಬೆರಳಿಟ್ಟು ತೋರಿಸಬೇಕು. ನಲವತ್ತು ಮಕ್ಕಳಿರುವ ತರಗತಿಯಲ್ಲಿ, ಅದರಲ್ಲೂ ಒಂದು, ಎರಡು, ಮೂರು ಒಟ್ಟಿಗೆ ಕೂರುವ ನಲಿಕಲಿ ಕೊಠಡಿಯಲ್ಲಿ, ಟೀಚರ್ ಎಷ್ಟು ಒಳ್ಳೆಯವರಾಗಿದ್ದರೂ ಆ ಕ್ಷಣ ಅವರ ಕಣ್ಣಿಗೆ ಬೀಳುವುದಿಲ್ಲ. ನಾವು ಹಣ ಕೇಳುವುದು ಆ ಬೆರಳಿಗಾಗಿ.

ಇನ್ನು ಲೆಕ್ಕ. ಉದಾಹರಣೆಗೆ ಎರಡು ಮತ್ತು ಮೂರನೇ ತರಗತಿ ಸೇರಿ 42 ಮಕ್ಕಳು, ಅದರಲ್ಲಿ 16 ಮಂದಿ ಗೆರೆಯ ಕೆಳಗೆ, ಅಂದರೆ ಟೆಸ್ಟಿನಲ್ಲಿ ನೆರವು ಬೇಕೆಂದು ಕಂಡವರು, ಎನ್ನಿ. ನಾಲ್ವರಂತೆ ನಾಲ್ಕು ಗುಂಪು. ಒಂದನೇ ತರಗತಿಯವರನ್ನು ಜೂನ್‌ನಲ್ಲೇ ಅಳೆಯುವುದು ಅನ್ಯಾಯ, ಅವರಿಗೆ ಇನ್ನೂ ಯಾರೂ ಕಲಿಸಿಯೇ ಇಲ್ಲ. ದಸರಾ ರಜೆ ಮುಗಿದ ಮೇಲೆ ನೋಡಿ, ನಾಲ್ವರ ಐದನೇ ಗುಂಪು ಸೇರಿಸಿಕೊಳ್ಳುತ್ತೇವೆ. ಐದು ಗುಂಪಿಗೆ ದಿನಕ್ಕೆ ಎರಡೂವರೆ ಗಂಟೆ, ತಯಾರಿಗೂ ಬರೆದಿಡುವುದಕ್ಕೂ ಅರ್ಧ ಗಂಟೆ, ಒಟ್ಟು ಮೂರು ಗಂಟೆ. ಜುಲೈಯಿಂದ ಫೆಬ್ರವರಿವರೆಗೆ ಕ್ಯಾಲೆಂಡರಿನಲ್ಲಿ 140ರಷ್ಟು ಕೆಲಸದ ದಿನ ಕಂಡರೂ ನಾವು 90 ಎಂದೇ ಹಿಡಿಯುತ್ತೇವೆ. ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಪರೀಕ್ಷೆ, ಮಳೆ, ಜಾತ್ರೆ, ಮಗುವಿನ ಜ್ವರ, ಸುಗ್ಗಿಗೆ ಅಪ್ಪ ಅಮ್ಮನ ಜೊತೆ ಊರು ಬಿಡುವುದು, ಎಲ್ಲಕ್ಕೂ ಅದರಲ್ಲಿ ಜಾಗ ಬಿಡಬೇಕು. 90 ದಿನಕ್ಕೆ 30 ನಿಮಿಷದಂತೆ ಮೊದಲ ನಾಲ್ಕು ಗುಂಪಿನ ಒಂದು ಮಗುವಿಗೆ 45 ಗಂಟೆ. ಐದನೇ ಗುಂಪಿಗೆ ಅದಕ್ಕಿಂತ ಕಡಿಮೆ. ಇಡೀ ಯೋಜನೆಯಲ್ಲಿ ನಾವು ಕೊಳ್ಳುತ್ತಿರುವ ಸರಕು ಈ ಗಂಟೆಗಳು.

ಅದಕ್ಕೆ ರೂಪಾಯಿ ಹಾಕಿದರೆ ಹೀಗೆ ಬರುತ್ತದೆ. ನೆರವು ಶಿಕ್ಷಕಿಯ ಗೌರವಧನ ತಿಂಗಳಿಗೆ 6,000ದಂತೆ ಎಂಟು ತಿಂಗಳಿಗೆ 48,000. ಎಂಟು ಶಾಲೆಗೆ ಒಬ್ಬರಂತೆ ಓಡಾಡುವ ಮಾರ್ಗದರ್ಶಕರ ಸಂಬಳ, ಪ್ರಯಾಣದಲ್ಲಿ ಈ ಶಾಲೆಯ ಪಾಲು 16,000. ತರಬೇತಿಗೆ 5,000. ಪುಸ್ತಕ, ಮಿಂಚುಪಟ್ಟಿ (ಅಕ್ಷರದ ಕಾರ್ಡು), ಸ್ಲೇಟಿಗೆ 8,000. ಟೆಸ್ಟಿನ ಜೆರಾಕ್ಸ್, ದಾಖಲೆಗೆ 1,500. ಎದುರುನೋಡದ ಖರ್ಚಿಗೆ 3,500. ಒಟ್ಟು 82,000, ಅಂದರೆ 20 ಮಕ್ಕಳಿಗೆ ತಲಾ 4,100. ದರಗಳು ಜಾಗದಿಂದ ಜಾಗಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಅವನ್ನು ನಕಲು ಮಾಡಬೇಡಿ. ನೋಡಬೇಕಾದದ್ದು ಅನುಪಾತ. ನೂರರಲ್ಲಿ ಸುಮಾರು 58 ಓದಿಸುವವರಿಗೆ, 25 ಅವರನ್ನು ತಯಾರು ಮಾಡಿ ಬೆನ್ನಿಗೆ ನಿಲ್ಲುವವರಿಗೆ, ಸಾಮಗ್ರಿಗೆ ಹತ್ತು. ಈ ಅನುಪಾತ ತಲೆಕೆಳಗಾಗಿ, ಸಾಮಗ್ರಿಗೆ 60, ಮನುಷ್ಯರಿಗೆ 20 ಎಂದಾದ ಬಜೆಟ್ ಕಂಡರೆ ಆ ಶಾಲೆಯ ಬೀರುವಿನಲ್ಲಿ ಮುಂದಿನ ಜೂನ್‌ಗೆ ಏನಿರುತ್ತದೆ ಎಂದು ಈಗಲೇ ಹೇಳಬಹುದು: ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಕಿಟ್ಟುಗಳು.

ಮಾರ್ಗದರ್ಶಕರ ಸಾಲನ್ನು ಹೊಡೆದುಹಾಕಿ ಎಂದು ಕೇಳುವವರು ಬಹಳ. ‘ಒಮ್ಮೆ ತರಬೇತಿ ಕೊಟ್ಟರೆ ಸಾಲದೇ?’ ಸಾಲದು. ತರಬೇತಿ ಮುಗಿದ ಮೂರನೇ ವಾರಕ್ಕೆ ನೆರವು ಶಿಕ್ಷಕಿ, ತಾವು ಶಾಲೆಯಲ್ಲಿ ಕಲಿತ ರೀತಿಗೇ ಮರಳುತ್ತಾರೆ. ಬೋರ್ಡಿನ ಮೇಲೆ ಬರೆಯುವುದು, ಒಟ್ಟಿಗೆ ಹೇಳಿಸುವುದು, ಹತ್ತು ಸಲ ಬರೆಸುವುದು. ಅದರಲ್ಲಿ ಅವರ ತಪ್ಪೇನೂ ಇಲ್ಲ, ಎಲ್ಲರ ಕೈಯೂ ಹಾಗೆಯೇ ಹೋಗುತ್ತದೆ. ವಾರಕ್ಕೊಮ್ಮೆ ಯಾರಾದರೂ ಬಂದು ಪಕ್ಕದಲ್ಲಿ ಕೂತು ಒಂದು ಪಾಠ ನೋಡಿ, ‘ಆ ಹುಡುಗಿ ಕಾರ್ಡ್ ನೋಡ್ತಾ ಇರಲಿಲ್ಲ ಕಣ್ರೀ, ಪಕ್ಕದವನು ಹೇಳಿದ್ದನ್ನೇ ಹೇಳ್ತಿದ್ದಳು’ ಎಂದು ತೋರಿಸಿದರೆ ದಾರಿ ಮತ್ತೆ ಸರಿಹೋಗುತ್ತದೆ. ಕಡಿಮೆ ಓದಿದವರು ಈ ಕೆಲಸ ಮಾಡಬಲ್ಲರೇ ಎಂಬ ಅನುಮಾನವೂ ಬರುತ್ತದೆ. ಮುಂಬೈ ಮತ್ತು ವಡೋದರಾದಲ್ಲಿ ಪ್ರಥಮ್ ಸಂಸ್ಥೆಯ ಬಾಲಸಖಿಯರು, ಅಂದರೆ ಅದೇ ಬಡಾವಣೆಯ ಯುವತಿಯರು, ಹಿಂದುಳಿದ ಮಕ್ಕಳಿಗೆ ದಿನಕ್ಕೆ ಎರಡು ಗಂಟೆ ಕಲಿಸಿದ್ದನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತಿತರರು ಅಳೆದು 2007ರಲ್ಲಿ ಪ್ರಕಟಿಸಿದ್ದಾರೆ. ಮಕ್ಕಳ ಅಂಕ ಗಣನೀಯವಾಗಿ ಏರಿತ್ತು. ಕಾರ್ಯಕ್ರಮ ನಿಂತ ಒಂದು ವರ್ಷದ ಮೇಲೆ ಆ ಏರಿಕೆಯ ಬಹುಭಾಗ ಇಳಿದಿತ್ತು ಎಂಬುದೂ ಅದೇ ಅಧ್ಯಯನದಲ್ಲಿದೆ. ಎರಡನ್ನೂ ಪ್ರಸ್ತಾವದಲ್ಲಿ ಬರೆಯುತ್ತೇವೆ.

ಹಣ ಎಲ್ಲಿಂದ? ಮೊದಲು ಶಾಲೆಯಲ್ಲೇ ಇರುವುದನ್ನು ಎಣಿಸಬೇಕು. ಸಮಗ್ರ ಶಿಕ್ಷಾ ಎಂಬ ಸರ್ಕಾರಿ ಶಾಲಾ ಯೋಜನೆಯಡಿ ಬರುವ ಸಂಯುಕ್ತ ಶಾಲಾ ಅನುದಾನ 30 ಮಕ್ಕಳವರೆಗಿನ ಶಾಲೆಗೆ 10,000, ನೂರರವರೆಗೆ 25,000, 250ರವರೆಗೆ 50,000 ರೂಪಾಯಿ. ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಹೋಗಬೇಕು. ಕರೆಂಟು, ಸೀಮೆಸುಣ್ಣ, ದುರಸ್ತಿ ಎಲ್ಲ ಅದರಲ್ಲೇ. ಅದರಿಂದ ಗೌರವಧನ ತೆಗೆಯುವ ಆಸೆ ಬೇಡ. ಗ್ರಂಥಾಲಯ ಅನುದಾನ ಪ್ರಾಥಮಿಕ ಶಾಲೆಗೆ 5,000ದವರೆಗೆ. ಬುನಾದಿ ಕಲಿಕೆಯ ಸಾಮಗ್ರಿಗೆ ಮಗುವಿಗೆ ವರ್ಷಕ್ಕೆ 500 ರೂಪಾಯಿವರೆಗೆ ಅವಕಾಶವಿದೆ. ಅದು ಬಹುತೇಕ ಸಾಮಗ್ರಿಯ ರೂಪದಲ್ಲೇ ಶಾಲೆಗೆ ಇಳಿಯುತ್ತದೆ. ಈ ಮೂರನ್ನೂ ಪ್ರಸ್ತಾವದಲ್ಲಿ ‘ಶಾಲೆಯ ಪಾಲು’ ಎಂದು ತೋರಿಸಿದರೆ ಎರಡು ಲಾಭ. ಹೊರಗಿನ ಹಣದಿಂದ ಅದೇ ಸಾಮಗ್ರಿಯನ್ನು ಮತ್ತೆ ಕೊಳ್ಳುವುದು ತಪ್ಪುತ್ತದೆ. ಕೇಳುತ್ತಿರುವ ಹಣ ಮನುಷ್ಯರ ಸಮಯಕ್ಕೇ ಏಕೆ ಎಂಬುದೂ ತಾನಾಗಿ ಅರ್ಥವಾಗುತ್ತದೆ.

ಗ್ರಾಮ ಪಂಚಾಯಿತಿಗೆ ಹಣಕಾಸು ಆಯೋಗದ ಮುಕ್ತ ಅನುದಾನ ಬರುತ್ತದೆ. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪ್ರಾಥಮಿಕ ಶಿಕ್ಷಣವೂ ಗ್ರಂಥಾಲಯವೂ ಇರುವುದರಿಂದ ಅಲ್ಲಿ ಕೇಳಬಹುದು. ಆದರೆ 2026ರ ಮಾರ್ಚ್‌ವರೆಗಿನ 15ನೇ ಆಯೋಗದ ನಿಯಮದಂತೆ ಆ ಹಣದಿಂದ ಸಂಬಳ ಕೊಡುವಂತಿರಲಿಲ್ಲ. ಪುಸ್ತಕ, ಚಾಪೆ, ಕಪಾಟಿಗೆ ಪಂಚಾಯಿತಿ, ಗೌರವಧನಕ್ಕೆ ಬೇರೆ ಮೂಲ ಎಂದು ಹಂಚಿಕೊಂಡರೆ ಸರಿಹೋಗುತ್ತದೆ. ಗ್ರಾಮಸಭೆಯಲ್ಲಿ ವಿಷಯ ಬಂದು ಪಂಚಾಯಿತಿಯ ಅಭಿವೃದ್ಧಿ ಯೋಜನೆಯಲ್ಲಿ ಸೇರಿರಬೇಕು. ಸೇರದಿದ್ದರೆ ಆಮೇಲೆ ಅಧ್ಯಕ್ಷರನ್ನು ಎಷ್ಟು ಕಂಡರೂ ಆ ವರ್ಷಕ್ಕೆ ದಾರಿ ಇರುವುದಿಲ್ಲ.

ಕಂಪನಿಗಳ ಸಿ.ಎಸ್.ಆರ್., ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣ ದೊಡ್ಡ ಮೂಲ, ಅದರ ನಿಯಮಗಳೂ ಹೆಚ್ಚು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಖರ್ಚು ಮಾಡಬೇಕು. ಆ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಶಿಕ್ಷಣ ಇದೆ, ಹಾಗಾಗಿ ವಿಷಯದ ಬಗ್ಗೆ ತಕರಾರಿಲ್ಲ. ತಕರಾರು ಬರುವುದು ಹಣ ಯಾರ ಖಾತೆಗೆ ಎಂಬಲ್ಲಿ. ಟ್ರಸ್ಟ್ ಅಥವಾ ಸೊಸೈಟಿಯ ಮೂಲಕ ನಡೆಸುವುದಾದರೆ ಎಲ್ಲರೂ 12ಎ, 80ಜಿ ಎಂದು ಕರೆಯುವ ಆದಾಯ ತೆರಿಗೆಯ ಎರಡೂ ನೋಂದಣಿ, ಮೂರು ವರ್ಷದ ಕೆಲಸದ ದಾಖಲೆ, ಜೊತೆಗೆ 2021ರ ಏಪ್ರಿಲ್ 1ರಿಂದ ಕಡ್ಡಾಯವಾದ ಸಿ.ಎಸ್.ಆರ್.-1 ನೋಂದಣಿ ಸಂಖ್ಯೆ ಬೇಕು. ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಹತ್ತಿರ ಇವು ಇರುವುದಿಲ್ಲ. ಆದ್ದರಿಂದ ನೋಂದಣಿ ಇರುವ ಸಂಸ್ಥೆಯನ್ನು ಮೊದಲೇ ಜೊತೆ ಮಾಡಿಕೊಳ್ಳಬೇಕು. ಕಂಪನಿ ಒಪ್ಪಿದ ಮೇಲೆ ಹುಡುಕಲು ಹೊರಟರೆ ಹಣಕಾಸು ವರ್ಷ ಮುಗಿದಿರುತ್ತದೆ.

ಇಲ್ಲಿ ಪದೇ ಪದೇ ಎದುರಾಗುವ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿ ಹೇಳಬೇಕು. ‘ಆಡಳಿತ ವೆಚ್ಚ ಶೇ. 5 ದಾಟುವಂತಿಲ್ಲ, ನಿಮ್ಮ ಮಾರ್ಗದರ್ಶಕರ ಸಂಬಳವೇ ಶೇ. 20 ಆಯಿತಲ್ಲ’ ಎಂದು ಕಡತ ವಾಪಸ್ ಬರುತ್ತದೆ. ನಿಯಮದಲ್ಲಿರುವ ಆ ಶೇ. 5 ಕಂಪನಿ ತನ್ನ ಸಿ.ಎಸ್.ಆರ್. ವಿಭಾಗ ನಡೆಸಲು ಮಾಡುವ ಸಾಮಾನ್ಯ ಆಡಳಿತ ಖರ್ಚಿನ ಮಿತಿ. ಒಂದು ನಿರ್ದಿಷ್ಟ ಯೋಜನೆಯ ರೂಪಣೆ, ಅನುಷ್ಠಾನ, ಮೇಲ್ವಿಚಾರಣೆ, ಮೌಲ್ಯಮಾಪನಕ್ಕೆ ನೇರವಾಗಿ ಆಗುವ ಖರ್ಚು ಅದರೊಳಗೆ ಬರುವುದಿಲ್ಲ ಎಂದು ಆ ವ್ಯಾಖ್ಯೆಯಲ್ಲೇ ಇದೆ. ಬಜೆಟ್ಟಿನಲ್ಲಿ ‘ಸಿಬ್ಬಂದಿ ವೆಚ್ಚ’ ಎಂದು ಒಂದೇ ಸಾಲು ಬರೆದರೆ ಈ ಗೊಂದಲ ಬರುವುದು ಖಚಿತ. ‘ಶಾಲಾ ಭೇಟಿ ಮತ್ತು ಪಾಠ ವೀಕ್ಷಣೆ, ವಾರಕ್ಕೆ ಒಂದು, 8 ಶಾಲೆ’ ಎಂದು ಕೆಲಸದ ಹೆಸರಿನಲ್ಲಿ ಬರೆದರೆ ಅದು ಅನುಷ್ಠಾನ ಎಂದು ಓದಿದವರಿಗೇ ತಿಳಿಯುತ್ತದೆ.

ಇನ್ನೊಂದು ತೊಡಕು ಕಾಲದ್ದು. ಕಂಪನಿಗೂ ಸರ್ಕಾರಕ್ಕೂ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಮಗುವಿನ ವರ್ಷ ಜೂನ್‌ಗೆ ಶುರು. ಫೆಬ್ರವರಿಯಲ್ಲಿ ‘ಹಣ ಇದೆ, ಮಾರ್ಚ್ ಒಳಗೆ ಖರ್ಚು ತೋರಿಸಿ’ ಎಂಬ ಕರೆ ಬಂದಾಗ ಓದಿಸುವ ದಿನಗಳು ಉಳಿದಿರುವುದೇ ಇಲ್ಲ, ಕೊಳ್ಳಬಹುದಾದದ್ದು ವಸ್ತು ಮಾತ್ರ. ಓದಿನ ಹಣ ಟ್ಯಾಬ್ಲೆಟ್ಟಾಗಿ ಬದಲಾಗುವುದು ಹೆಚ್ಚಾಗಿ ಹೀಗೆಯೇ. ಇದಕ್ಕೆ ದಾರಿ ನಿಯಮದಲ್ಲೇ ಇದೆ. ‘ಮುಂದುವರಿಯುವ ಯೋಜನೆ’ ಎಂದು ಕಂಪನಿಯ ಮಂಡಳಿ ಮೊದಲೇ ಒಪ್ಪಿದ್ದರೆ, ಶುರುವಾದ ವರ್ಷ ಬಿಟ್ಟು ಮೂರು ವರ್ಷದವರೆಗೆ ನಡೆಸಬಹುದು. ಉಳಿದ ಹಣ ಆರ್ಥಿಕ ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹೋಗಿ ಮುಂದಿನ ವರ್ಷ ಬಳಕೆಯಾಗುತ್ತದೆ. ಪ್ರಸ್ತಾವದ ಮೊದಲ ಪುಟದಲ್ಲೇ ‘ಮೂರು ಶೈಕ್ಷಣಿಕ ವರ್ಷದ ಮುಂದುವರಿಯುವ ಯೋಜನೆ’ ಎಂದು ಬರೆಯಿರಿ. ಕೊನೆಯ ಗಳಿಗೆಯಲ್ಲಿ ಸೇರಿಸಲು ಬರುವುದಿಲ್ಲ.

ಅನುಮತಿ ಪ್ರಸ್ತಾವಕ್ಕಿಂತ ಮುಂಚೆ. ಶಾಲಾ ಸಮಯದಲ್ಲಿ ಹೊರಗಿನವರು ಮಕ್ಕಳ ಜೊತೆ ಕೆಲಸ ಮಾಡಲು ಕ್ಷೇತ್ರ ಶಿಕ್ಷಣಾಧಿಕಾರಿಗಳ ಪತ್ರ ಬೇಕು. ಬೇರೆ ಬೇರೆ ತಾಲ್ಲೂಕುಗಳಾದರೆ ಉಪನಿರ್ದೇಶಕರ ಮಟ್ಟದ ಒಪ್ಪಂದ. ಅಕ್ಕಪಕ್ಕದ ಶಾಲೆಗಳ ಕ್ಲಸ್ಟರನ್ನು ನೋಡಿಕೊಳ್ಳುವ ಸಿ.ಆರ್.ಪಿ.ಯವರನ್ನು ಮೊದಲ ದಿನದಿಂದ ಜೊತೆಗಿಟ್ಟುಕೊಳ್ಳಿ. ಆ ಕ್ಲಸ್ಟರಿನ ಪ್ರತಿ ಶಾಲೆಯೂ ಅವರಿಗೆ ಗೊತ್ತು, ಯಾವ ಶಾಲೆಯಲ್ಲಿ ಖಾಲಿ ಕೊಠಡಿ ಇದೆ ಎಂಬುದೂ ಗೊತ್ತು.

ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಕೆಲವು ಮಾತು ಸ್ಪಷ್ಟವಾಗಿ ಬರಬೇಕು. ಇದನ್ನು ನಾವು ಎಷ್ಟು ಒತ್ತಿ ಹೇಳಿದರೂ ಕಡಿಮೆ. ನೆರವಿನ ಅರ್ಧ ಗಂಟೆ ಆಟದ ಪಿರಿಯಡ್ಡನ್ನಾಗಲಿ ಬಿಸಿಯೂಟದ ಹೊತ್ತನ್ನಾಗಲಿ ನುಂಗಬಾರದು. ಆಟ ಕಳೆದುಕೊಂಡು ಬಂದ ಮಗು ಓದಿಗೆ ಮನಸ್ಸು ಕೊಡುವುದಿಲ್ಲ, ಕೊಡಬೇಕೆಂದು ಕೇಳುವುದೂ ನ್ಯಾಯವಲ್ಲ. ಗುಂಪಿಗೆ ‘ದಡ್ಡರ ಕ್ಲಾಸು’ ಎಂಬ ಹೆಸರು ಬೀಳದಂತೆ ಟೀಚರೇ ಮೊದಲ ವಾರ ಎಲ್ಲ ಮಕ್ಕಳನ್ನೂ ಸರದಿಯಲ್ಲಿ ಆ ಕೊಠಡಿಗೆ ಕಳಿಸಬೇಕು. ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಟೀಚರ್ ರಜೆ ಹಾಕಿದರೂ ನೆರವು ಶಿಕ್ಷಕಿಯನ್ನು ಆ ತರಗತಿ ನೋಡಿಕೊಳ್ಳಲು ಕಳಿಸುವಂತಿಲ್ಲ. ಇಂಥ ಕಾರ್ಯಕ್ರಮಗಳು ಸೋಲುವ ಅತಿ ಸಾಮಾನ್ಯ ಕಾರಣ ಇದೇ. ಟೀಚರ್ ಕೊರತೆ ಇರುವ ಶಾಲೆಯಲ್ಲಿ ಒಬ್ಬರು ಓದಿಸುವವರು ಕಣ್ಣೆದುರಿಗಿದ್ದರೆ ಮುಖ್ಯ ಶಿಕ್ಷಕರು ಪಾಪ ಮತ್ತೇನು ಮಾಡಿಯಾರು? ಮೊದಲು ಒಂದು ದಿನ, ಆಮೇಲೆ ವಾರಕ್ಕೆರಡು ದಿನ, ನವೆಂಬರ್ ಹೊತ್ತಿಗೆ ನೆರವಿನ ಗುಂಪೇ ಇರುವುದಿಲ್ಲ. ಅವರ ಮೇಲೆ ಕೋಪ ಮಾಡಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಅತಿಥಿ ಶಿಕ್ಷಕರ ಹುದ್ದೆ ತುಂಬದೆ ಉಳಿದಿರುವ ಶಾಲೆಯಾದರೆ ಮೊದಲು ಅದಕ್ಕೆ ಅರ್ಜಿ ಹಾಕಿಸಿ, ಆಮೇಲೆ ನೆರವು ಶುರು ಮಾಡುವುದೇ ಸರಿ.

ಪುಸ್ತಕ ಕೊಳ್ಳುವಾಗ ನಡೆಯುವ ತಪ್ಪು ಒಂದೇ, ಅದು ಎಲ್ಲೆಡೆ ಒಂದೇ ಥರ. ನೂರೈವತ್ತು ಶೀರ್ಷಿಕೆ, ಒಂದೊಂದು ಪ್ರತಿ. ನಾಲ್ವರ ಗುಂಪು ಒಟ್ಟಿಗೆ ಓದಬೇಕಾದರೆ ಒಂದೇ ಪುಸ್ತಕದ ನಾಲ್ಕು ಪ್ರತಿ, ಟೀಚರ್‌ಗೆ ಒಂದು. ಅಂದರೆ 30 ಶೀರ್ಷಿಕೆ, ತಲಾ 5 ಪ್ರತಿ. ಮೊದಲ ಹತ್ತು ಪುಸ್ತಕಗಳಲ್ಲಿ ಮಗುವಿಗೆ ಗೊತ್ತಿರುವ ಅಕ್ಷರಗಳೇ ಹೆಚ್ಚಿರಬೇಕು. ರ, ಗ, ಸ, ದ, ಅ ಈ ಐದರಿಂದಲೇ ಸರ, ಅರಸ, ಅಗಸ, ದಸರ, ಗರಗಸ ಓದಬಹುದು. ಮೊದಲ ವಾರವೇ ಒಂದು ಪೂರ್ತಿ ಪದ ಓದಿದ ಮಗುವಿನ ಮುಖ ನೋಡಿದವರಿಗೆ ಈ ಕ್ರಮ ಏಕೆಂದು ಬೇರೆ ಹೇಳಬೇಕಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಹಂತವಾರು ಕನ್ನಡ ಕಥೆಗಳಿವೆ. ಮುಕ್ತ ಪರವಾನಗಿ ಇರುವುದರಿಂದ ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡು ಮುದ್ರಿಸಿಕೊಳ್ಳಬಹುದು. ಪ್ರತಿಗಳ ಖರ್ಚು ಅಲ್ಲಿ ಉಳಿಯುತ್ತದೆ.

ಅರ್ಧ ಗಂಟೆಯ ಒಳಗಿನ ಹಂಚಿಕೆ ಹೀಗೆ: ನಿನ್ನೆಯ ಪುಸ್ತಕ ಮತ್ತೊಮ್ಮೆ ಓದಲು 5 ನಿಮಿಷ, ಕಾರ್ಡಿನಲ್ಲಿ ಅಕ್ಷರ, ಕಾಗುಣಿತ ಅಥವಾ ಒತ್ತಿನ ಕೆಲಸಕ್ಕೆ 8, ಹೊಸ ಪುಸ್ತಕಕ್ಕೆ 10, ಅದರಿಂದ ಎರಡು ಪದ, ಒಂದು ವಾಕ್ಯ ಉಕ್ತಲೇಖನಕ್ಕೆ 5, ಟೀಚರ್ ಗುರುತು ಹಾಕಿಕೊಳ್ಳಲು 2. ತಡವಾದ ದಿನ ಎಲ್ಲರೂ ಬಿಡುವುದು ಉಕ್ತಲೇಖನವನ್ನು. ಬಿಡಬೇಕಾದದ್ದು ಅದಲ್ಲ. ‘ಕತ್ತೆ’ ಎಂದು ಕೈಯಾರೆ ಬರೆದಾಗಲೇ ಎತ್ವ ಮೇಲೆ, ಒತ್ತು ಕೆಳಗೆ ಎಂಬುದು ಕಣ್ಣಿಗೆ ಕೂರುತ್ತದೆ.

ಫಲಿತಾಂಶ ಹೇಳುವ ರೀತಿಯಲ್ಲೂ ಎಚ್ಚರ ಬೇಕು. ನಿಪುಣ್ ಗುರಿ ಎರಡನೇ ತರಗತಿಗೆ ನಿಮಿಷಕ್ಕೆ 45ರಿಂದ 60 ಪದ, ಮೂರಕ್ಕೆ ಕನಿಷ್ಠ 60. ಕನ್ನಡದಲ್ಲಿ ‘ಹೋಗಬೇಕಾಗಿತ್ತು’ ಎಂಬುದು ಒಂದೇ ಪದ, ಆರು ಅಕ್ಷರ. ‘ಮನೆ’ಯೂ ಒಂದು ಪದ. ಗದ್ಯ ಬದಲಾದರೆ ಅಂಕಿಯೂ ಬದಲಾಗುತ್ತದೆ. ಆದ್ದರಿಂದ ಪದದ ಜೊತೆಗೆ ನಿಮಿಷಕ್ಕೆ ಎಷ್ಟು ಅಕ್ಷರ ಸರಿಯಾಗಿ ಓದಿತು ಎಂದೂ ಬರೆದಿಡುತ್ತೇವೆ, ಮೊದಲ ಮತ್ತು ಕೊನೆಯ ಟೆಸ್ಟಿಗೆ ಒಂದೇ ಕಷ್ಟದ ಗದ್ಯ ಆರಿಸುತ್ತೇವೆ. ಇನ್ನೊಂದು, ಅತಿ ಕಡಿಮೆ ಅಂಕ ಬಂದವರನ್ನೇ ಆರಿಸಿಕೊಂಡರೆ ಏನೂ ಮಾಡದಿದ್ದರೂ ಅವರ ಸರಾಸರಿ ಮುಂದಿನ ಟೆಸ್ಟಿನಲ್ಲಿ ಸ್ವಲ್ಪ ಏರುತ್ತದೆ. ಮೊದಲ ದಿನ ಕೆಲವರಿಗೆ ಜ್ವರ ಇದ್ದಿರಬಹುದು, ಕೆಲವರು ಹೆದರಿದ್ದಿರಬಹುದು. ಆ ಏರಿಕೆಯನ್ನೂ ನಮ್ಮ ಸಾಧನೆ ಎಂದು ಬರೆದರೆ ಮಕ್ಕಳಿಗೇ ಮೋಸ. ಗೆರೆಗಿಂತ ಸ್ವಲ್ಪ ಮೇಲಿದ್ದು ನೆರವು ಪಡೆಯದ ಮಕ್ಕಳ ಏರಿಕೆಯನ್ನು ಪಕ್ಕದಲ್ಲೇ ಕೊಡುವುದು ನಮ್ಮ ಪದ್ಧತಿ. ವರದಿಯಲ್ಲಿ ಮೂರು ಸಂಖ್ಯೆ ಇರಲೇಬೇಕು: ಎಷ್ಟು ಮಕ್ಕಳು ಶುರು ಮಾಡಿದರು, ಎಷ್ಟು ಮಂದಿ ತಮ್ಮ ಗುಂಪಿನ ದಿನಗಳಲ್ಲಿ ಮೂರನೇ ಎರಡು ಭಾಗವಾದರೂ ಬಂದರು, ಎಷ್ಟು ಮಂದಿ ಗೆರೆ ದಾಟಿದರು. 20ರಲ್ಲಿ 15 ಮಂದಿ ಮಾತ್ರ ಸರಿಯಾಗಿ ಬಂದರೆ ತಲಾ ಖರ್ಚು 4,100 ಅಲ್ಲ, ಸುಮಾರು 5,470. ಅದನ್ನು ನಾವೇ ಮೊದಲು ಹೇಳಿದರೆ ಮುಂದಿನ ವರ್ಷ ಗೈರುಹಾಜರಿ ಮಕ್ಕಳ ಮನೆಗೆ ಹೋಗಿಬರುವ ಖರ್ಚನ್ನು ಕೇಳಲು ಬಾಯಿ ಬರುತ್ತದೆ. ವರದಿಯಲ್ಲಿ ಮಗುವಿನ ಹೆಸರು, ಫೋಟೊ ಬೇಡ. ಶಾಲೆಯೊಳಗಿನ ದಾಖಲೆಗೆ ಇಲಾಖೆ ಪ್ರತಿ ಮಗುವಿಗೂ ಕೊಡುವ ಸ್ಯಾಟ್ಸ್ ಸಂಖ್ಯೆ, ಹೊರಗೆ ಹೋಗುವ ವರದಿಗೆ ಬರೀ ಕ್ರಮಸಂಖ್ಯೆ.

ಗೆರೆ ದಾಟಿದ ಮಗುವನ್ನು ಅಲ್ಲಿಗೇ ಬಿಟ್ಟರೆ ಏನಾಗಬಹುದು ಎಂಬುದಕ್ಕೆ ಹೊರಗಿನದೊಂದು ಎಚ್ಚರಿಕೆ ಇದೆ. ನ್ಯೂಜಿಲೆಂಡಿನ ಮೇರಿ ಕ್ಲೇ 1970ರ ದಶಕದಲ್ಲಿ ರೂಪಿಸಿದ ರೀಡಿಂಗ್ ರಿಕವರಿ, ಒಂದು ಮಗುವಿಗೆ ಒಬ್ಬ ಟೀಚರ್, ದಿನಕ್ಕೆ ಅರ್ಧ ಗಂಟೆ, 12ರಿಂದ 20 ವಾರ, ಜಗತ್ತಿನ ಹಲವು ದೇಶಗಳಿಗೆ ಹಬ್ಬಿದ ಕಾರ್ಯಕ್ರಮ. ಅಮೆರಿಕದಲ್ಲಿ ಒಂದನೇ ತರಗತಿಯಲ್ಲಿ ಒಳ್ಳೆಯ ಫಲ ಕಂಡಿತ್ತು. ಅದೇ ಮಕ್ಕಳನ್ನು ಮೂರು, ನಾಲ್ಕನೇ ತರಗತಿಯಲ್ಲಿ ನೋಡಿ 2022ರಲ್ಲಿ ಮುಂದಿಟ್ಟ ಅಧ್ಯಯನದಲ್ಲಿ ಅವರ ಅಂಕ ನೆರವು ಪಡೆಯದ ಹೋಲಿಕೆಯ ಮಕ್ಕಳಿಗಿಂತ ಕೆಳಗಿತ್ತು. ಕಾರಣಗಳ ಬಗ್ಗೆ ಚರ್ಚೆ ನಡೆಯುತ್ತಲೇ ಇದೆ. ಅಕ್ಷರ ಬಿಡಿಸಿ ಓದುವುದನ್ನು ನೇರವಾಗಿ ಕಲಿಸುವುದು ಸಾಲದೆ, ಚಿತ್ರ ಮತ್ತು ಸಂದರ್ಭದಿಂದ ಊಹಿಸಲು ಬಿಟ್ಟದ್ದು ಒಂದು ಎನ್ನುವವರಿದ್ದಾರೆ, ನೆರವು ಮುಗಿದ ಮೇಲೆ ಬೆನ್ನಿಗೆ ಯಾರೂ ಇಲ್ಲದ್ದು ಇನ್ನೊಂದು. ಎರಡೂ ನಮ್ಮ ಬಜೆಟ್ಟಿಗೆ ಬಂದಿವೆ. ಕಾರ್ಡಿನ 8 ನಿಮಿಷವನ್ನು ಯಾರು ಹೇಳಿದರೂ ಬಿಡುವುದಿಲ್ಲ. ಗುಂಪಿನಿಂದ ಹೊರಬಿದ್ದ ಮಗುವಿಗೆ ಮೂರು ತಿಂಗಳು, ವಾರಕ್ಕೊಂದು ದಿನ, 15 ನಿಮಿಷ ಕೂತು ಓದಿಸಿ ನೋಡುವುದು ನೆರವು ಶಿಕ್ಷಕಿಯ ಕೆಲಸದ ಪಟ್ಟಿಯಲ್ಲೇ ಇದೆ.

ಏಪ್ರಿಲ್ ಮೊದಲ ವಾರ ಹಣ ಬಳಕೆ ಪ್ರಮಾಣಪತ್ರ, ನಗದು ಪುಸ್ತಕ, ರಸೀದಿಗಳ ಕಡತ ಮುಗಿಯುತ್ತದೆ. ಗೌರವಧನವನ್ನು ಬ್ಯಾಂಕ್ ಖಾತೆಗೇ ಕೊಟ್ಟಿದ್ದರೆ ಅರ್ಧ ದಿನದ ಕೆಲಸ, ಕೈಯಲ್ಲಿ ಕೊಟ್ಟಿದ್ದರೆ ಒಂದು ವಾರ. ಅದೇ ವಾರ ಪ್ರತಿ ಮಗುವಿಗೂ ಅಂಗೈಯಗಲದ ಒಂದು ಕಾರ್ಡ್ ಬರೆಯುತ್ತೇವೆ: ಯಾವ ಅಕ್ಷರದಲ್ಲಿ ಇನ್ನೂ ತಡವರಿಸುತ್ತದೆ, ಕೊನೆಗೆ ಓದಿದ ಪುಸ್ತಕ ಯಾವುದು, ಏನು ಓದಲು ಇಷ್ಟ. ಮೂರನೇ ತರಗತಿಯ ಮಕ್ಕಳ ಕಾರ್ಡುಗಳನ್ನು ರಜೆಗೆ ಮುಂಚೆ ನಾಲ್ಕನೇ ತರಗತಿಯ ಟೀಚರ್ ಕೈಗೇ ಕೊಟ್ಟು, ಹಾಜರಿ ಪುಸ್ತಕದ ಹೊದಿಕೆಯೊಳಗೆ ಇಡಿಸಿ ಬರಬೇಕು. ಜೂನ್‌ನಲ್ಲಿ ಹೆಸರು ಬರೆಯಲು ಅವರು ಮೊದಲು ತೆರೆಯುವ ಪುಸ್ತಕ ಅದು.